ಅಟ್ಟೆ

ಬೂಟು ಮಗುಚಿ ಹಿಡಿದರೆ ಸಾಕು,
ಊರು ಗೊತ್ತಾಗುತ್ತದೆ ನನಗೆ.
ತುದಿಬೆರಳ ಕೆಳಗೆ ರಬ್ಬರು ಕರಗಿದ್ದರೆ ಹತ್ತಿದವರು,
ಹಿಮ್ಮಡಿ ಓರೆಯಾಗಿ ಹೆರೆದಂತಿದ್ದರೆ ಇಳಿದವರು,
ಎರಡೂ ಇದ್ದರೆ ನಮ್ಮ ಚೊಂಗ್‌ಚಿಂಗ್‌ನವರು.
ಚೌಕಾಸಿ ಮಾಡುತ್ತಾರೆ. ದನಿ ದೊಡ್ಡದು.

ದೊಡ್ಡದಾಗದೆ ಏನು ಮಾಡೀತು?
ನಮ್ಮದು ಹನ್ನೊಂದನೇ ಮಹಡಿ. ಹಿಂಬಾಗಿಲು ತೆರೆದರೆ
ಹೊಸ್ತಿಲಿಗೇ ಬಸ್ಸು ಓಡುವ ರಸ್ತೆ. ಮುಂದಿನ ಕಿಟಕಿಗೆ ಬಂದರೆ
ಕೆಳಗೆ, ಬಹಳ ಕೆಳಗೆ, ನದಿ, ಇನ್ನೊಂದು ರಸ್ತೆ.
ಉಪ್ಪು ತಾ ಎಂದು ಗಂಡನಿಗೆ ಕೂಗಿದರೆ
ನಾಲ್ಕು ಮನೆಯವರು ತಲೆ ಹೊರಹಾಕಿ ಉಪ್ಪಿನ ಬೆಲೆ ಹೇಳುತ್ತಿದ್ದರು.
ಕೆಳಗಿನವರ ಮೆಣಸಿನ ಘಾಟಿಗೆ ಮೇಲಿನವರು ಕೆಮ್ಮಬೇಕು,
ಮೇಲಿನವರ ಒದ್ದೆ ಬಟ್ಟೆ ಕೆಳಗಿನವರ ಅನ್ನಕ್ಕೆ ತೊಟ್ಟಿಕ್ಕಬೇಕು.
ಗುಟ್ಟು ಎಂಬುದು
ಸಪಾಟು ನೆಲದವರ ಸೌಕರ್ಯ.

ಉತ್ತರ ದಕ್ಷಿಣ ಯಾರಿಗೂ ತಿಳಿಯದು.
ದಾರಿ ಕೇಳಿದರೆ ಗದ್ದ ಎತ್ತಿ ತೋರುತ್ತಿದ್ದರು, ಇಲ್ಲವೇ ಇಳಿಸಿ.
ಒಮ್ಮೆ ನಾನೂ ತಂಗಿ ಗುವಾಂಗ್‌ಶುವೂ
ಒಂದೇ ಜಾಗದಲ್ಲಿ ಮಧ್ಯಾಹ್ನವಿಡೀ ಒಬ್ಬರಿಗೊಬ್ಬರು ಕಾದೆವು:
ಅವಳು ಸೇತುವೆಯ ಮೇಲೆ,
ನಾನು ಅದೇ ಸೇತುವೆಯ ಕೆಳಗೆ.
ನಕ್ಷೆಯಲ್ಲಿ ನೋಡಿದರೆ ಅಪ್ಪಿಕೊಂಡು ನಿಂತಿದ್ದೆವು.

ದೆಚ್ವಾನ್‌ಗೆ ಬಂಡವಾಳ ಇಷ್ಟೇ: ಬಿದಿರ ದಡಿ, ಎರಡು ನೈಲಾನ್ ಹಗ್ಗ.
ಫ್ರಿಜ್ಜು, ಸೀಳಿದ ಅರ್ಧ ಹಂದಿ, ಯಾರದೋ ಮದುವೆಯ ಕನ್ನಡಿ ಕಪಾಟು,
ದಡದಿಂದ ಪೇಟೆಗೆ ಮುನ್ನೂರ ಹನ್ನೆರಡು ಮೆಟ್ಟಿಲು.
ಈ ಬೆಟ್ಟವೇ ನನ್ನ ಧಣಿ ಎನ್ನುತ್ತಿದ್ದ.
ನೆಲ ಸಪಾಟಾದ ದಿನ ಕೈಗಾಡಿ ಬರುತ್ತದೆ,
ಚಕ್ರ ಬಂದಲ್ಲಿ ಹೆಗಲಿಗೆ ಕೂಲಿಯಿಲ್ಲ.

ನೆಲ ಸಪಾಟಾಗಲಿಲ್ಲ. ಲಿಫ್ಟು ಬಂತು.
ನಾವೇ ಸಪಾಟು ನೆಲ ಹುಡುಕಿಕೊಂಡು ಬಂದೆವು.

ಚೆಂಗ್ಡು, ಲಟ್ಟಣಿಗೆ ಓಡಿಸಿದ ಊರು.
ಇಲ್ಲಿ ಎಷ್ಟು ಮೆಟ್ಟಿಲು ಎನ್ನುವುದಿಲ್ಲ, ಎಷ್ಟನೇ ಉಂಗುರ ರಸ್ತೆ ಎನ್ನುತ್ತಾರೆ.
ಒಂದು ಎಂದರೆ ಕುರ್ಚಿ ಎಳೆದು ಕೊಡುತ್ತಾರೆ.
ನಾವು ಮೂರರಾಚೆ.
ಮಾತು ಮೆತ್ತಗೆ. ಬೆಳಿಗ್ಗೆ ಬಟ್ಟಲಿಗೆ ಹಾಕಿದ ಚಹಾದ ಎಲೆಗೆ
ಸಂಜೆಯವರೆಗೂ ಬಿಸಿನೀರು ಹೊಯ್ಯುತ್ತಾರೆ,
ಜಗಳವನ್ನೂ ಹಾಗೆಯೇ, ತೆಳ್ಳಗಾಗುವ ತನಕ.
ಮತ್ತೆ ಸೈಕಲ್ಲು! ಮೊದಲ ವಾರ ದೆಚ್ವಾನ್ ಬಾಯಿ ಬಿಟ್ಟು ನೋಡಿದ:
ಎಪ್ಪತ್ತರ ಮುದುಕಿ ಒಂದೇ ಕೈಯಲ್ಲಿ ಹಿಡಿ ಹಿಡಿದು ಹೋಗುತ್ತಿದ್ದಾಳೆ,
ಇನ್ನೊಂದು ಕೈಯಲ್ಲಿ ಬಾತುಕೋಳಿ.

ಮುನ್ನೂರು ಮೆಟ್ಟಿಲಿಗೆ ಬಗ್ಗದವನು
ಇಲ್ಲಿ ತರಕಾರಿ ತಂದರೆ ಏದುಸಿರು ಬಿಡುತ್ತಾನೆ.
ಈ ರಸ್ತೆಗೆ ತಿರುವಿಲ್ಲ, ಕಟ್ಟೆಯಿಲ್ಲ,
ಹೊರೆ ಇಳಿಸಿ ನಿಲ್ಲು ಎನ್ನುವ ಒಂದು ಕಲ್ಲೂ ಇಲ್ಲ.
ಬೆಟ್ಟಕ್ಕೆ ದಣಿವು ಅರ್ಥವಾಗುತ್ತದೆ, ಎನ್ನುತ್ತಾನೆ.
ಇರಬಹುದು.
ಅವನ ಮಂಡಿಚಿಪ್ಪು ಬೇರೆಯೇ ಹೇಳುತ್ತದೆ.

ಮಳೆ ತೊಳೆದ ಕೆಲವು ಬೆಳಿಗ್ಗೆ
ಪಶ್ಚಿಮದ ಹಿಮಬೆಟ್ಟ ಕಾಣುತ್ತದೆ ಇಲ್ಲಿಂದ.
ಊರಿಗೆ ಊರೇ ತಾರಸಿಗೆ ಓಡಿ ಫೋನು ಎತ್ತುತ್ತದೆ,
ಗಿರಾಕಿ ಒಂಟಿ ಬೂಟಿನಲ್ಲೇ ಎದ್ದು ಹೋಗುತ್ತಾನೆ.
ನಾನು ಏಳುವುದಿಲ್ಲ. ನನಗೆ ಬೆಟ್ಟವೆಂದರೆ
ಅಡುಗೆಮನೆಯ ಹಿಂಗೋಡೆ.
ನಲವತ್ತು ವರ್ಷ ಅದಕ್ಕೆ ಬೆನ್ನು ಕೊಟ್ಟು ಬೆಳ್ಳುಳ್ಳಿ ಸುಲಿದಿದ್ದೇನೆ.

ನಿನ್ನೆ ಹುಡುಗಿಯೊಬ್ಬಳು ಬಂದಳು, ಹಳದಿ ಜಾಕೀಟು.
ಮಗುಚಿ ನೋಡಿದೆ: ತುದಿ ಕರಗಿದೆ, ಹಿಮ್ಮಡಿ ಹೆರೆದಿದೆ.
ಎದೆ ಝಲ್ಲೆಂದಿತು.
ಯಾವ ಮೆಟ್ಟಿಲಿನವಳೇ ನೀನು, ನದಿಯ ಈಚೆಯೋ ಆಚೆಯೋ?
ಹುಡುಗಿ ನಕ್ಕಳು. ಬೆಟ್ಟದ ಮೇಲೆ ಕಾಲೇ ಇಟ್ಟಿಲ್ಲ ಚಿಕ್ಕಮ್ಮ,
ಇಲ್ಲೇ ಹುಟ್ಟಿದ್ದು.
ಹಳೇ ಗಿರಣಿ ವಸತಿಗೆ ನೀರಿನ ಕ್ಯಾನು ಹಾಕುತ್ತೇನೆ.
ಲಿಫ್ಟಿಲ್ಲ.

ಎರಡು ಪದರ ರಬ್ಬರು ಅಂಟಿಸಿ ಒಂದರ ದುಡ್ಡು ತಗೊಂಡೆ.

ರಾತ್ರಿ ದೆಚ್ವಾನ್‌ಗೆ ಹೇಳಿದೆ.
ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವನು ಕೈ ನಿಲ್ಲಿಸಿದ.
ಎಷ್ಟನೇ ಮಹಡಿ?
ಏಳು.
ಬಹಳ ಹೊತ್ತಿನ ಮೇಲೆ ಕೇಳಿದ:
ನಡುವೆ ನಿಲ್ಲಲು ಜಾಗ ಇದೆಯಂತಾ?